ಅಂಕಪಟ್ಟಿಯೂ ಮುಂದಿನ ವಿದ್ಯೆಯೂ

ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಫಲಿತಾಂಶಗಳು ಪ್ರಕಟವಾಗುವ ದಿನಗಳಲ್ಲಿ ಓಕಳಿಪುರಂ, ಶ್ರೀರಾಂಪುರ, ಶೇಷಾದ್ರಿಪುರಂ ಭಾಗದ ಮನೆಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ: ಇಷ್ಟು ಅಂಕ ಪಡೆದ ಹುಡುಗಿ ಮುಂದೆಯೂ ಹೀಗೆಯೇ ಮೇಲೆ ಬರುವಳೆಂಬುದೊಂದು, ಅಂಕದಲ್ಲೇನಿದೆ, ಕಾಲೇಜಿಗೆ ಹೋದಮೇಲೆ ನೋಡೋಣವೆಂಬುದು ಇನ್ನೊಂದು. ಯಾವ ಮನೆಯಲ್ಲಿ ಯಾವ ಮಾತು ಸಿದ್ಧಾಂತವಾಗುವುದೆಂಬುದು ಆ ಮನೆಯ ಮಗುವಿಗೆ ಬಂದ ಅಂಕವನ್ನೇ ಅವಲಂಬಿಸಿರುತ್ತದೆಂಬುದನ್ನು ಬಿಟ್ಟರೆ, ಎರಡೂ ಪರಿಶೀಲನೆಗೆ ಒಳಪಡಬಲ್ಲ ಮಾತುಗಳೇ. ಶಾಲೆಯ ಕಡೆಯ ಮೆಟ್ಟಿಲಲ್ಲಿ ನಡೆಯುವ ಮೌಲ್ಯಮಾಪನವು ಕಾಲೇಜಿನ ಸಾಫಲ್ಯವನ್ನು ಎಷ್ಟರಮಟ್ಟಿಗೆ ಮುಂದಾಗಿ ಸೂಚಿಸಬಲ್ಲದೆಂಬುದು ನೂರು ವರ್ಷಕ್ಕೂ ಮಿಕ್ಕ ವಾದ. ಪರೀಕ್ಷಾ ಮಂಡಲಿಯು ಮಲ್ಲೇಶ್ವರದ ಆರನೆಯ ಕ್ರಾಸಿನಲ್ಲಿಯೂ ಪರೀಕ್ಷಾ ಪ್ರಾಧಿಕಾರವು ಹದಿನೆಂಟನೆಯ ಕ್ರಾಸಿನಲ್ಲಿಯೂ ಇರುವುದರಿಂದ, ರಾಜ್ಯದ ಲಕ್ಷಾಂತರ ಮಕ್ಕಳ ಅಂಕಗಳು ಬಂದು ಸೇರುವುದು ನಮ್ಮ ಬೀದಿಗಳಿಂದ ಕಾಲ್ನಡಿಗೆಯಷ್ಟು ದೂರದಲ್ಲಿಯೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆನು. ಸ್ಥಾನಗಳನ್ನು ಹಂಚುವುದಕ್ಕಾಗಿ ಏರ್ಪಟ್ಟ ಅಂಕಗಳಿಂದ ಭವಿಷ್ಯ ಹೇಳುವ ಕೆಲಸವನ್ನೂ ನಿರೀಕ್ಷಿಸಿದ್ದರಿಂದಲೇ ಈ ವಾದ ಇಷ್ಟು ಕಗ್ಗಂಟಾಗಿದೆ. ಹಂಚಿಕೆಗೆ ಬೇಕಾದದ್ದು ನ್ಯಾಯ. ಭವಿಷ್ಯಕ್ಕೆ ಬೇಕಾದದ್ದು ನಿಜ. ಒಂದೇ ಸಂಖ್ಯೆ ಎರಡನ್ನೂ ಸಮನಾಗಿ ಪೂರೈಸುವುದೆಂಬ ನಂಬಿಕೆಗೆ ಆಧಾರವೇನೆಂಬುದನ್ನು ನಾವು ಕೇಳಿಕೊಂಡದ್ದು ವಿರಳ.

ಪೂರ್ವಚರಿತ್ರೆ

ಮೈಸೂರು ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾನಿಲಯವು 1916ರಲ್ಲಿ ಒದಗುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದುದಾಗಿತ್ತು. ಕಾಲೇಜಿನ ಬಾಗಿಲನ್ನು ತೆರೆಯುವ ಮೆಟ್ರಿಕ್ಯುಲೇಷನ್ ಪರೀಕ್ಷೆಯೂ ಮದರಾಸಿನದೇ. ಮುಂದೆ ತಾನೇ ಪಾಠ ಹೇಳಬೇಕಾದವರನ್ನು ವಿಶ್ವವಿದ್ಯಾನಿಲಯ ತಾನೇ ಪರೀಕ್ಷಿಸಿ ಒಳಗೆ ಬಿಟ್ಟುಕೊಳ್ಳುತ್ತಿದ್ದ ಕಾಲವದು. 1911ರ ಸುಮಾರಿಗೆ ಮದರಾಸು ಪ್ರಾಂತದಲ್ಲಿ ಆರಂಭವಾಗಿ ಮೈಸೂರಿಗೂ ಬಂದ ಎಸ್.ಎಸ್.ಎಲ್.ಸಿ. ಯೋಜನೆಯು ಈ ಸಂಬಂಧವನ್ನು ಬದಲಿಸಿತು. ಆ ಯೋಜನೆಯ ಮೂಲರೂಪವನ್ನು ಇಂದಿನವರು ಗಮನಿಸತಕ್ಕದ್ದು: ಅದರಲ್ಲಿ ಉತ್ತೀರ್ಣ, ಅನುತ್ತೀರ್ಣವೆಂಬ ತೀರ್ಪೇ ಇರಲಿಲ್ಲ. ಶಾಲೆಯ ತರಗತಿಗಳಲ್ಲಿ ವಿದ್ಯಾರ್ಥಿ ಪಡೆದ ಅಂಕಗಳೂ ಸಾರ್ವಜನಿಕ ಪರೀಕ್ಷೆಯ ಅಂಕಗಳೂ ಒಂದೇ ಪುಸ್ತಕದಲ್ಲಿ ದಾಖಲಾಗುತ್ತಿದ್ದುವು. ಅವನು ಕಾಲೇಜಿಗೆ ಅರ್ಹನೋ ಕಚೇರಿಗೆ ಅರ್ಹನೋ ಎಂಬುದನ್ನು ಅದನ್ನು ಓದಿದವರು ನಿರ್ಣಯಿಸಬೇಕಾಗಿತ್ತು. ಇಂದು ಎಸ್.ಎಸ್.ಎಲ್.ಸಿ.ಯಲ್ಲಿ 80 ಅಂಕಗಳ ಲಿಖಿತ ಪರೀಕ್ಷೆಗೆ 20 ಆಂತರಿಕ ಅಂಕಗಳನ್ನು ಸೇರಿಸಿ ಅದನ್ನು ನವೀನ ಸುಧಾರಣೆಯೆನ್ನುವವರು ಆ ಹಳೆಯ ಪುಸ್ತಕವನ್ನು ಒಮ್ಮೆ ನೆನೆಯಬೇಕು.

ಬಾಗಿಲಲ್ಲಿ ತಡೆಯಲ್ಪಟ್ಟವರ ಕಥೆಗಳು ನಮ್ಮಲ್ಲಿ ಪ್ರಸಿದ್ಧವಾಗಿವೆ. ಮೆಟ್ರಿಕ್ಯುಲೇಷನ್ ದಾಟದ ಡಿ.ವಿ. ಗುಂಡಪ್ಪನವರಿಗೆ ಮೈಸೂರು ವಿಶ್ವವಿದ್ಯಾನಿಲಯವು 1961ರಲ್ಲಿ ಗೌರವ ಡಾಕ್ಟರೇಟನ್ನು ನೀಡಿತು, ಆರ್.ಕೆ. ನಾರಾಯಣರು ಅದೇ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ತಪ್ಪಿ ಒಂದು ವರ್ಷ ಮನೆಯಲ್ಲಿದ್ದರು. ಸಭೆಗಳಲ್ಲಿ ಈ ಹೆಸರುಗಳನ್ನು ಹೇಳಿ ಚಪ್ಪಾಳೆ ಪಡೆಯುವುದು ಸುಲಭ. ಆದರೆ ಪ್ರಮಾಣವಾಗಿ ಇವು ನಿಲ್ಲವು. ತಪ್ಪಿದವರಲ್ಲಿ ಎಷ್ಟು ಮಂದಿ ಗುಂಡಪ್ಪನವರಾದರು, ತೇರ್ಗಡೆಯಾದವರಲ್ಲಿ ಎಷ್ಟು ಮಂದಿ ನೆಟ್ಟಗೆ ಓದಿ ಮುಗಿಸಿದರು ಎಂಬ ಎರಡು ಲೆಕ್ಕಗಳೂ ಕೈಯಲ್ಲಿರದೆ ಅಪವಾದದಿಂದ ನಿಯಮವನ್ನು ಖಂಡಿಸಲಾಗದು.

ಸ್ವಾತಂತ್ರ್ಯಾನಂತರ ರಾಧಾಕೃಷ್ಣನ್ ಆಯೋಗವು (1948-49) ವಿಶ್ವವಿದ್ಯಾನಿಲಯಗಳಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸುವುದಾದರೆ ಅದು ಪರೀಕ್ಷೆಗಳ ಸುಧಾರಣೆಯಾಗಬೇಕೆಂಬ ಅಭಿಪ್ರಾಯಕ್ಕೆ ಬಂದಿತು. ಇಂಟರ್‌ಮೀಡಿಯೆಟ್ ಹೋಗಿ ಒಂದು ವರ್ಷದ ಪಿ.ಯು.ಸಿ. ಬಂದಿತು, 1971ರಲ್ಲಿ ಅದು ಎರಡು ವರ್ಷಗಳದಾಯಿತು. ಅಷ್ಟರಲ್ಲಿಯೇ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸ್ಥಾನಗಳಿಗೆ ನೂಕುನುಗ್ಗಲು ಆರಂಭವಾಗಿದ್ದಿತು. ಅಂಕಗಳ ಜೊತೆಗೆ ಸಂದರ್ಶನವನ್ನೂ ಸೇರಿಸಿ, ಅದಕ್ಕೆ ಐಚ್ಛಿಕ ವಿಷಯಗಳ ಗರಿಷ್ಠಾಂಕದ ಶೇಕಡ 25ರಷ್ಟು ತೂಕ ಕೊಟ್ಟ ಮೈಸೂರು ಸರ್ಕಾರದ ಕ್ರಮವು ಚಿತ್ರಲೇಖಾ ಮೊಕದ್ದಮೆಯಾಗಿ ಸುಪ್ರೀಂ ಕೋರ್ಟನ್ನು ಮುಟ್ಟಿ, 1964ರಲ್ಲಿ ಊರ್ಜಿತವಾಯಿತು. ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ನೋಡಿದರೆ ಅವನ ಭವಿಷ್ಯವು ಅಂಕಪಟ್ಟಿಗಿಂತ ಚೆನ್ನಾಗಿ ತಿಳಿಯುವುದೆಂಬ ಭರವಸೆ ಆ ಕ್ರಮದ ಹಿಂದೆ ಇತ್ತು. ಅದೇ ಸಂದರ್ಶನವು ಶಿಫಾರಸಿಗೆ ಹೆದ್ದಾರಿಯೂ ಆಗಬಹುದೆಂಬ ಶಂಕೆಯೂ ಕೂಡಲೇ ಹುಟ್ಟಿತು. 1981ರ ಅಜಯ್ ಹಾಸಿಯಾ ತೀರ್ಪಿನ ಅನಂತರ ಸಂದರ್ಶನದ ತೂಕವು ಶೇಕಡ 15ನ್ನು ಮೀರಬಾರದೆಂಬ ನಿಲುವು ಬಲವಾಯಿತು.

ದೀರ್ಘಾಭ್ಯಾಸವನ್ನು ನಂಬುವವರು

ಈ ವಾದದಲ್ಲಿ ಇಂದು ಹಲವು ಪಕ್ಷಗಳಿವೆ. ಮೊದಲನೆಯ ಪಕ್ಷದವರ ವಾದವಿದು: ವರ್ಷವರ್ಷ ಪಾಠ ಕೇಳಿ, ಹೋಂವರ್ಕ್ ಬರೆದು, ಬೇಸರವಾದ ವಿಷಯವನ್ನೂ ಓದಿ ಗಳಿಸಿದ ಅಂಕಗಳಲ್ಲಿ ಬುದ್ಧಿಯಷ್ಟೇ ಅಲ್ಲದೆ ಅಭ್ಯಾಸ, ಸಹನೆ, ಸಮಯಪಾಲನೆ ಎಂಬ ಗುಣಗಳೂ ಅಡಕವಾಗಿರುತ್ತವೆ, ಕಾಲೇಜು ಬೇಡುವುದೂ ಅವನ್ನೇ, ಆದುದರಿಂದ ಅವು ಮೂರು ಗಂಟೆಯ ಪ್ರವೇಶ ಪರೀಕ್ಷೆಗಿಂತ ಹೆಚ್ಚು ನೆಚ್ಚತಕ್ಕ ಸೂಚಕಗಳು. ಈ ಪಕ್ಷಕ್ಕೆ ಅಮೆರಿಕದಿಂದ ಗಟ್ಟಿಯಾದ ಬೆಂಬಲ ಒದಗಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸುಮಾರು 80,000 ವಿದ್ಯಾರ್ಥಿಗಳ ದಾಖಲೆಗಳನ್ನು ನಾಲ್ಕು ವರ್ಷ ಅನುಸರಿಸಿದ ಗೈಸರ್ ಮತ್ತು ಸಾಂಟೆಲಿಸೆಸ್ ಎಂಬವರು 2007ರಲ್ಲಿ ಪ್ರೌಢಶಾಲೆಯ ತರಗತಿಯ ಅಂಕಗಳೇ ಅತ್ಯುತ್ತಮ ಸೂಚಕವೆಂದು ಕಂಡರು. ಬೊವೆನ್, ಚಿಂಗೋಸ್, ಮ್ಯಾಕ್‌ಫರ್ಸನ್ ಎಂಬವರು 2009ರ ತಮ್ಮ ಗ್ರಂಥದಲ್ಲಿ ಪದವಿಯನ್ನು ಪೂರೈಸುವ ವಿಷಯದಲ್ಲಿ ಇದೇ ತೀರ್ಮಾನಕ್ಕೆ ಬಂದರು.

ಆದರೆ ಆ ತರಗತಿಯ ಅಂಕವೂ ನಮ್ಮ ಪಿ.ಯು.ಸಿ. ಅಂಕವೂ ಒಂದೇ ಜಾತಿಯವಲ್ಲ. ಅಲ್ಲಿಯದು ಹಲವು ಉಪಾಧ್ಯಾಯರು ಹಲವು ವರ್ಷಗಳ ಕಾಲ ಕೊಟ್ಟ ಅಂಕಗಳ ಸರಾಸರಿ. ನಮ್ಮದು ಒಂದು ವರ್ಷದ ಓದನ್ನು ಕೆಲವು ದಿನಗಳ ಬರೆವಣಿಗೆಗೆ ಇಳಿಸಿದ ಸಾರ್ವಜನಿಕ ಪರೀಕ್ಷೆಯ ಫಲ. ಹೆಸರು ಅಂಕಪಟ್ಟಿಯಾದರೂ ಸ್ವಭಾವದಲ್ಲಿ ಅದು ಪ್ರವೇಶ ಪರೀಕ್ಷೆಗೇ ಹತ್ತಿರ. ಪರದೇಶದ ಈ ನಿರ್ಣಯಗಳನ್ನು ಇಲ್ಲಿ ಹಾಗೆಯೇ ಇಳಿಸಿಕೊಳ್ಳುವ ಲೇಖಕರು ಈ ಭೇದವನ್ನು ಮರೆಯುತ್ತಾರೆ.

ಒಂದೇ ಮಾನವನ್ನು ಬೇಡುವವರು

ಎರಡನೆಯ ಪಕ್ಷದವರು ಹೇಳುವುದು, ಅಂಕಗಳು ಎಷ್ಟೇ ದೀರ್ಘಾಭ್ಯಾಸದ ಫಲವಾಗಿದ್ದರೂ ಅವನ್ನು ಕೊಟ್ಟ ಕೈಗಳು ಬೇರೆಬೇರೆಯಾದರೆ ಹೋಲಿಕೆ ಅಸಾಧ್ಯವೆಂದು. ರಾಜ್ಯದ ಪಿ.ಯು. ವಿದ್ಯಾರ್ಥಿಯೂ ಕೇಂದ್ರೀಯ ಮಂಡಲಿಯ ವಿದ್ಯಾರ್ಥಿಯೂ ಒಂದೇ ಸ್ಥಾನಕ್ಕೆ ಬಂದು ನಿಂತಾಗ ಇಬ್ಬರ ಶೇಕಡ 90ಕ್ಕೂ ಒಂದೇ ಬೆಲೆಯೇ? ಕ್ಯಾಪಿಟೇಷನ್ ಶುಲ್ಕದ ವಿವಾದವು 1992ರ ಮೋಹಿನಿ ಜೈನ್ ಮತ್ತು 1993ರ ಉನ್ನಿಕೃಷ್ಣನ್ ತೀರ್ಪುಗಳಲ್ಲಿ ಪರ್ಯವಸಾನಗೊಂಡು, 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿ.ಇ.ಟಿ.) ಘಟಕವು ಸ್ಥಾಪನೆಯಾದುದು ಈ ಪಕ್ಷದ ದೊಡ್ಡ ವಿಜಯ. ಪ್ರತಿ ವಿಷಯಕ್ಕೂ 60 ಪ್ರಶ್ನೆಗಳು, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಹಣಕ್ಕೂ ಶಿಫಾರಸಿಗೂ ಎಡೆಯಿಲ್ಲದ ರ‍್ಯಾಂಕು: ಓಕಳಿಪುರದಂಥ ರೈಲ್ವೆ ಮತ್ತು ಮಿಲ್ಲು ಕಾರ್ಮಿಕರ ಬಡಾವಣೆಗಳ ಮಕ್ಕಳಿಗೆ ಅದು ತೆರೆದ ಬಾಗಿಲು ಸಾಮಾನ್ಯವಾದುದಲ್ಲ. ಅದನ್ನು ನ್ಯಾಯದ ಸಾಧನವೆಂದು ಮೆಚ್ಚುವುದರಲ್ಲಿ ನನಗೆ ಹಿಂಜರಿಕೆಯಿಲ್ಲ. ಭವಿಷ್ಯದ ಸಾಧನವೆನ್ನುವ ಮುನ್ನ ಬೇರೆ ಸಾಕ್ಷ್ಯ ಬೇಕು.

ಎಂಜಿನಿಯರಿಂಗಿಗೆ ಸಿ.ಇ.ಟಿ. ಅಂಕ ಅರ್ಧ, ಪಿ.ಯು.ಸಿ.ಯ ಭೌತ, ರಸಾಯನ, ಗಣಿತದ ಅಂಕ ಅರ್ಧ ಎಂಬ ಸೂತ್ರವು ಮೊದಲೆರಡು ಪಕ್ಷಗಳ ನಡುವಿನ ರಾಜಿ. ನಿಜವಾಗಿಯೂ ಭವಿಷ್ಯಜ್ಞಾನದಿಂದ ಹುಟ್ಟಿದ್ದರೆ ಅದು ಇಷ್ಟು ದುಂಡಾಗಿರುತ್ತಿರಲಿಲ್ಲ, ಸಿವಿಲ್ಲಿಗೊಂದು, ಕಂಪ್ಯೂಟರ್ ಸೈನ್ಸಿಗೊಂದು ಪ್ರಮಾಣ ಬರುತ್ತಿತ್ತೆಂದು ನನಗನ್ನಿಸುತ್ತದೆ. ಇಂಥದೇ ರಾಜಿಯನ್ನು ಕೇಂದ್ರವೂ ಪ್ರಯತ್ನಿಸಿತು: ಜೆ.ಇ.ಇ. ಮೈನ್‌ನಲ್ಲಿ 2013ರಿಂದ 2016ರವರೆಗೆ ಹನ್ನೆರಡನೆಯ ತರಗತಿಯ ಅಂಕಗಳಿಗೆ ಶೇಕಡ 40ರ ತೂಕವಿದ್ದು, ಬೇರೆಬೇರೆ ಮಂಡಲಿಗಳ ಅಂಕಗಳನ್ನು ಸಮೀಕರಿಸುವ ತೊಡಕಿನ ನಡುವೆ 2017ರಿಂದ ಅದನ್ನು ಕೈಬಿಡಲಾಯಿತು. ಇತ್ತ ತಮಿಳುನಾಡು ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯನ್ನೇ ರದ್ದುಮಾಡಿ ಅಂಕಗಳಿಗೆ ಮರಳಿತು. ಅದಕ್ಕೆ ಗ್ರಾಮೀಣ ವಿದ್ಯಾರ್ಥಿಗಳ ಹಿತವು ಕಾರಣವಾಗಿ ಹೇಳಲ್ಪಟ್ಟಿತು.

ಪರೀಕ್ಷೆಯ ಪಕ್ಷಕ್ಕೆ ಇತ್ತೀಚೆಗೆ ಹೊಸ ಬಲ ಬಂದಿದೆ. ಕೋವಿಡ್ ಕಾಲದಲ್ಲಿ ಎಸ್.ಎ.ಟಿ. ಎಂಬ ಪ್ರವೇಶ ಪರೀಕ್ಷೆಯನ್ನು ಕೈಬಿಟ್ಟಿದ್ದ ಅಮೆರಿಕದ ಎಂ.ಐ.ಟಿ. ಸಂಸ್ಥೆಯು, ತನ್ನ ಗಣಿತಪ್ರಧಾನವಾದ ಪಾಠಕ್ರಮವನ್ನು ತಡೆದುಕೊಳ್ಳಬಲ್ಲವರನ್ನು ಗುರುತಿಸಲು ಅದು ಬೇಕೆಂದು 2022ರಲ್ಲಿ ಮರಳಿ ತಂದಿತು. ಅಮೆರಿಕದ ಅತ್ಯಂತ ಸ್ಪರ್ಧಾತ್ಮಕ ಕಾಲೇಜುಗಳನ್ನು ಕುರಿತ 2024ರ ಅಧ್ಯಯನವೊಂದು ಅಲ್ಲಿ ಮೊದಲ ವರ್ಷದ ಸಾಧನೆಗೆ ಶಾಲೆಯ ಅಂಕಕ್ಕಿಂತ ಪರೀಕ್ಷೆಯೇ ಮೇಲಾದ ಸೂಚಕವೆಂದಿತು. ಕ್ಯಾಲಿಫೋರ್ನಿಯಾದ ನಿರ್ಣಯಕ್ಕೆ ಇದು ನೇರ ವಿರುದ್ಧವೆಂದು ತೋರಿದರೂ ಎರಡೂ ನಿಜವಾಗಿರಬಹುದು: ಬಹುಮಂದಿಗೆ ತೆರೆದ ಕಾಲೇಜಿನಲ್ಲಿ ಓದನ್ನು ಬಿಡದೆ ಮುಂದುವರಿಸುವ ಗುಣ ನಿರ್ಣಾಯಕವಾದರೆ, ಎಲ್ಲರೂ ತುದಿಯ ಅಂಕ ಪಡೆದೇ ಬಂದಿರುವಲ್ಲಿ ಆ ಅಂಕವು ಭೇದವನ್ನು ತೋರಿಸಲಾರದು.

ನೆಲೆಯನ್ನು ನೋಡುವವರು

ಮೂರನೆಯ ಪಕ್ಷವು, ಅಂಕವೂ ಪರೀಕ್ಷೆಯೂ ಮೊದಲು ಅಳೆಯುವುದು ಮಗುವಿನ ಮನೆಯನ್ನು, ಮಾಧ್ಯಮವನ್ನು, ಕೋಚಿಂಗ್ ಶುಲ್ಕವನ್ನು ಎನ್ನುತ್ತದೆ. ನಮ್ಮಲ್ಲಿ ಇದರ ತೀಕ್ಷ್ಣವಾದ ರೂಪ ಕಾಣುವುದು ಹತ್ತನೆಯ ತರಗತಿಗೂ ಪ್ರಥಮ ಪಿ.ಯು.ಸಿ. ವಿಜ್ಞಾನಕ್ಕೂ ನಡುವಿನ ಬೇಸಗೆಯಲ್ಲಿ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ 625ಕ್ಕೆ 580 ಪಡೆದವಳು ದ್ರವ್ಯರಾಶಿ, ವೇಗೋತ್ಕರ್ಷಗಳನ್ನು ಕಲಿತು ಬಂದು, ಜೂನ್ ತಿಂಗಳಲ್ಲಿ ಮಾಸ್, ಆಕ್ಸಲರೇಷನ್‌ಗಳ ಎದುರು ಕುಳಿತಾಗ, ತಿಳಿದ ವಿಷಯವೇ ತಿಳಿಯದಂತಾಗುತ್ತದೆ. ಅವಳ ಪಿ.ಯು.ಸಿ. ಅಂಕ ಇಳಿದರೆ ಎಸ್.ಎಸ್.ಎಲ್.ಸಿ. ಅಂಕ ಸುಳ್ಳಾಗಿತ್ತೆನ್ನಬೇಕೋ, ಪಿ.ಯು.ಸಿ. ಅಂಕವೇ ಸುಳ್ಳೆನ್ನಬೇಕೋ? ಸಿ.ಇ.ಟಿ. ಪ್ರವೇಶದಲ್ಲಿ ಗ್ರಾಮೀಣರಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5 ಮೀಸಲಿಟ್ಟಿರುವುದು, ಅಂಕವು ಇಂಥ ಮಕ್ಕಳ ಶಕ್ತಿಯನ್ನು ಕಡಮೆಯಾಗಿ ಹೇಳುತ್ತದೆಂಬುದನ್ನು ಸರ್ಕಾರವೇ ಒಪ್ಪಿದಂತೆ. ಪ್ರತಿಯೊಂದು ಶಾಲೆಯಲ್ಲಿಯೂ ಮೇಲಿನ ಹತ್ತರಲ್ಲೊಂದು ಭಾಗದವರಿಗೆ ವಿಶ್ವವಿದ್ಯಾನಿಲಯದ ಪ್ರವೇಶವನ್ನು ಖಚಿತಪಡಿಸಿದ ಟೆಕ್ಸಸ್ ಸಂಸ್ಥಾನದ 1997ರ ಶಾಸನವೂ ಇದೇ ತರ್ಕದ್ದು: ತನ್ನ ನೆಲದಲ್ಲಿ ಮುಂದಿರುವವನು ಬೇರೆ ನೆಲದಲ್ಲಿಯೂ ಮುಂದೆ ಬರುವನೆಂಬುದು.

ಆದರೆ ಇಲ್ಲಿ ಅಹಿತವಾದ ಸಂಗತಿಯೊಂದನ್ನು ಮರೆಮಾಚಬಾರದು. ಅಂಕವು ಹಿಂದುಳಿದವರ ಮುಂದಿನ ಸಾಧನೆಯನ್ನು ಕಡಮೆಯಾಗಿ ಹೇಳುತ್ತದೆಂಬ ಊಹೆಯನ್ನು ಅಮೆರಿಕದ ಹಲವು ಅಧ್ಯಯನಗಳು ಎತ್ತಿಹಿಡಿಯಲಿಲ್ಲ. ಅಲ್ಲಿನ ಕಪ್ಪು ವಿದ್ಯಾರ್ಥಿಗಳ ಕಾಲೇಜು ಅಂಕಗಳು ಎಸ್.ಎ.ಟಿ. ಸೂಚಿಸಿದುದಕ್ಕಿಂತ ಕೆಳಗೇ ಇದ್ದುವೆಂಬುದು ಮತ್ತೆ ಮತ್ತೆ ಕಂಡುಬಂದಿತು. ಕಾಲೇಜೂ ಶಾಲೆಯ ಅಡೆತಡೆಗಳನ್ನೇ ಮುಂದುವರಿಸುತ್ತದೆಂಬುದು ಅದರ ಒಂದು ವ್ಯಾಖ್ಯಾನ. ಅದು ನಿಜವಾದರೆ, ಸೂಚಕವು ಸರಿಯಾಗಿ ಸೂಚಿಸಿದ ಮಾತ್ರಕ್ಕೆ ನ್ಯಾಯವಾದುದೆಂದು ಹೇಳಲು ಬಾರದು. ಎರಡು ಬಾಗಿಲುಗಳಲ್ಲಿಯೂ ಒಂದೇ ಅನ್ಯಾಯವಿದ್ದರೆ ಭವಿಷ್ಯವಾಣಿ ಬಹಳ ಚೆನ್ನಾಗಿ ಫಲಿಸುತ್ತದೆ.

ಅಳತೆಗೋಲನ್ನೇ ಶಂಕಿಸುವವರು

ನಾಲ್ಕನೆಯವರು ಯಾವ ಪಕ್ಷಕ್ಕೂ ಸೇರದ ಸಂಖ್ಯಾಶಾಸ್ತ್ರಜ್ಞರು. ಸ್ಪರ್ಧಾಪರೀಕ್ಷೆಗಳಲ್ಲಿ ಆಕಸ್ಮಿಕದ ಪಾಲೆಷ್ಟೆಂದು ಎಡ್ಜ್‌ವರ್ತ್ ಎಂಬ ಪಂಡಿತನು 1890ರಲ್ಲಿಯೇ ಗಣಿಸಿದನು. 1935ರಲ್ಲಿ ಇಂಗ್ಲೆಂಡಿನ ಹಾರ್ಟಾಗ್ ಮತ್ತು ರೋಡ್ಸ್ ಎಂಬವರು ಇತಿಹಾಸದ 15 ಉತ್ತರಪತ್ರಿಕೆಗಳನ್ನು 14 ಪರೀಕ್ಷಕರಿಗೆ ಕೊಟ್ಟು, ವರ್ಷಕ್ಕೂ ಮಿಕ್ಕ ಕಾಲ ಕಳೆದ ಮೇಲೆ ಅವೇ ಪತ್ರಿಕೆಗಳನ್ನು ಅವರಿಂದಲೇ ಮತ್ತೆ ತಿದ್ದಿಸಿದಾಗ, 210 ತೀರ್ಪುಗಳಲ್ಲಿ 92 ಬದಲಾದುವು. ನಮ್ಮಲ್ಲಿ ಮೌಲ್ಯಮಾಪನದ ಕ್ರಮ ಬಿಗಿಯಾಗಿರಬಹುದು; ಆದರೆ ಪರೀಕ್ಷಾಕೇಂದ್ರದ ಬಿಗಿಯೂ ಅಂಕವನ್ನು ಅಲುಗಾಡಿಸುತ್ತದೆ. 2024ರ ಎಸ್.ಎಸ್.ಎಲ್.ಸಿ.ಯಲ್ಲಿ ಕೊಠಡಿಗಳಿಗೆ ಸಿಸಿಟಿವಿ ಕಣ್ಗಾವಲು ಬಂದಾಗ, ಕೃಪಾಂಕವನ್ನು ಶೇಕಡ 10ರಿಂದ 20ಕ್ಕೆ ಏರಿಸಿದರೂ, ತೇರ್ಗಡೆಯ ಪ್ರಮಾಣವು ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಮಕ್ಕಳ ಬುದ್ಧಿ ಅಷ್ಟು ಇಳಿಯಲಾರದು. ಪ್ರವೇಶ ಪರೀಕ್ಷೆಯೂ ಇಂಥ ಚಂಚಲತೆಗೆ ಹೊರತಲ್ಲ: ಅದೇ ವರ್ಷದ ಸಿ.ಇ.ಟಿ.ಯಲ್ಲಿ ಪಠ್ಯಕ್ರಮದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು.

ಇವರ ಎರಡನೆಯ ಎಚ್ಚರಿಕೆ ಇನ್ನೂ ಮುಖ್ಯವಾದುದು. ಕೆ.ಆರ್. ವೃತ್ತದ ಯು.ವಿ.ಸಿ.ಇ.ಯಂಥ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರವೇಶದ ಅಂಕಕ್ಕೂ ಪದವಿಯ ಅಂಕಕ್ಕೂ ಸಂಬಂಧ ಕ್ಷೀಣವಾಗಿ ಕಂಡರೆ, ಪ್ರವೇಶದ ಅಂಕ ನಿರರ್ಥಕವೆಂದು ತೀರ್ಮಾನಿಸಲಾಗದು. ಅಲ್ಲಿಗೆ ಬಂದವರೆಲ್ಲ ಒಂದೇ ಎತ್ತರದ ಅಂಕದವರು, ಅವರ ನಡುವಿನ ಅಂತರವೇ ಅಲ್ಪ. ಸ್ಥಾನ ಸಿಗದೆ ಹೊರಗುಳಿದವರು ಅಲ್ಲಿ ಓದಿದ್ದರೆ ಏನಾಗುತ್ತಿದ್ದರೆಂಬುದು ಯಾವ ದಾಖಲೆಯಲ್ಲಿಯೂ ಇಲ್ಲ. ಈ ನ್ಯೂನತೆಯನ್ನು ತಿದ್ದದೆ ಅಳೆದ ಸಹಸಂಬಂಧವು ಸಾಮಾನ್ಯವಾಗಿ 0.3ರಿಂದ 0.5ರ ನಡುವೆ ಬರುತ್ತದೆ. 0.5 ಎಂದರೆ ವಿದ್ಯಾರ್ಥಿಗಳ ನಡುವಿನ ವ್ಯತ್ಯಾಸದಲ್ಲಿ ಕಾಲು ಭಾಗಕ್ಕೆ ಅಂಕ ವಿವರಣೆ ಕೊಡಬಲ್ಲದೆಂದು ಅರ್ಥ. ಸಮುದಾಯದ ಬಗ್ಗೆ ಹೇಳಲು ಅಷ್ಟು ಸಾಕು, ನಿಮ್ಮ ಮನೆಯ ಮಗುವಿನ ಬಗ್ಗೆ ಹೇಳಲು ಸಾಲದು.

2021: ಬಯಸದೆ ಬಂದ ಪ್ರಯೋಗ

ಇಷ್ಟೂ ವಾದಗಳನ್ನು ಒರೆಗೆ ಹಚ್ಚುವ ಅವಕಾಶವು ಮಹಾಮಾರಿಯ ರೂಪದಲ್ಲಿ ಬಂದಿತು. 2021ರಲ್ಲಿ ದ್ವಿತೀಯ ಪಿ.ಯು.ಸಿ. ಪರೀಕ್ಷೆ ರದ್ದಾಗಿ, ಎಸ್.ಎಸ್.ಎಲ್.ಸಿ. ಅಂಕದ ಶೇಕಡ 45, ಪ್ರಥಮ ಪಿ.ಯು.ಸಿ. ಅಂಕದ ಶೇಕಡ 45, ಆಂತರಿಕ ಮೌಲ್ಯಮಾಪನದ ಶೇಕಡ 10 ಸೇರಿಸಿ ಫಲಿತಾಂಶ ಕಟ್ಟಲಾಯಿತು. ಎಲ್ಲರೂ ತೇರ್ಗಡೆಯಾದರು, 2,239 ಮಂದಿಗೆ 600ಕ್ಕೆ 600 ಬಂದಿತು. ಹಿಂದಿನ ಅಂಕಗಳಿಂದ ಮುಂದಿನದನ್ನು ಊಹಿಸಿ ಅಂಕಪಟ್ಟಿಯಲ್ಲಿಯೇ ಮುದ್ರಿಸಿದ ಅಪೂರ್ವ ಸಂದರ್ಭವದು: ಭವಿಷ್ಯವೇ ದಾಖಲೆಯಾಯಿತು. ಆ ವರ್ಷದ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿ.ಯು.ಸಿ.ಯನ್ನು ಬಿಟ್ಟು ಸಿ.ಇ.ಟಿ.ಯೊಂದನ್ನೇ ಪರಿಗಣಿಸಲಾಯಿತು.

ತೊಡಕು ಹುಟ್ಟಿದ್ದು ಮರುವರ್ಷ. 2022ರಲ್ಲಿ ಅರ್ಧಾರ್ಧದ ಸೂತ್ರ ಮರಳಿದಾಗ, 2021ರಲ್ಲಿ ಪಿ.ಯು.ಸಿ. ಮುಗಿಸಿ ಮತ್ತೊಮ್ಮೆ ಸಿ.ಇ.ಟಿ. ಬರೆದ ಸುಮಾರು 24,000 ಮಂದಿಯ ಪಿ.ಯು.ಸಿ. ಅಂಕವನ್ನು ಪ್ರಾಧಿಕಾರವು ಎಣಿಕೆಗೆ ತೆಗೆದುಕೊಳ್ಳಲಿಲ್ಲ. ಅವರ ರ‍್ಯಾಂಕುಗಳು ಕುಸಿದುವು. ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಸೆಪ್ಟೆಂಬರಿನಲ್ಲಿ ಆ ಕ್ರಮವನ್ನು ರದ್ದುಗೊಳಿಸಿತು. ಆಗ ಹಾಗೆಯೇ ಸೇರಿಸಿದರೆ ಪರೀಕ್ಷೆಯಿಲ್ಲದೆ ಉಬ್ಬಿದ ಅಂಕದವರು ಪರೀಕ್ಷೆ ಬರೆದವರನ್ನು ಹಿಂದಿಕ್ಕುವರೆಂಬ ಆಕ್ಷೇಪ ಎದುರಾಯಿತು. ಕೊನೆಗೆ ತಜ್ಞರ ಸಮಿತಿಯ ಸೂತ್ರದಂತೆ 2021ರವರ ಅಂಕದಿಂದ ನೂರಕ್ಕೆ ಸರಾಸರಿ 6ನ್ನು ಕಳೆದು ಸೇರಿಸುವುದೆಂದು ವಿಭಾಗೀಯ ಪೀಠದ ಮುಂದೆ ಒಪ್ಪಿಗೆಯಾಗಿ, ಪಟ್ಟಿ ಮತ್ತೆ ಸಿದ್ಧವಾಯಿತು. ಎರಡು ವರ್ಷಗಳ ಅಂಕಗಳ ನಡುವಿನ ಅಂತರಕ್ಕೆ 6 ಎಂಬ ಒಂದೇ ಬೆಲೆ ಕಟ್ಟಿದ್ದು ಹಂಚಿಕೆಯ ಇತ್ಯರ್ಥವಾಯಿತೇ ಹೊರತು ಜ್ಞಾನದ ಇತ್ಯರ್ಥವಾಗಲಿಲ್ಲ: ಉಬ್ಬಿದ ಅಂಕದವನಿಗೂ ಉಬ್ಬದ ಅಂಕದವನಿಗೂ ಕಡಿತ ಒಂದೇ.

ಸಾಫಲ್ಯವೆಂದರೆ ಯಾವುದು

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ (ವಿ.ಟಿ.ಯು.) ಸೇರಿದ ಎಂಜಿನಿಯರಿಂಗ್ ಕಾಲೇಜೊಂದರ ಎರಡನೆಯ ವರ್ಷದ ತರಗತಿಯನ್ನು ನೆನೆಯಿರಿ. ಅರ್ಧಾರ್ಧ ಸೂತ್ರದ ಸಿ.ಇ.ಟಿ.ಯವರು, ಖಾಸಗಿ ಕಾಲೇಜುಗಳ ಒಕ್ಕೂಟವಾಗಿ ತನ್ನ ಪರೀಕ್ಷೆಯೊಂದನ್ನೇ ನೆಚ್ಚುವ ಕಾಮೆಡ್‌ಕೆಯವರು, ಕನಿಷ್ಠಾರ್ಹತೆಯ ಶೇಕಡ 45ರ ಮೇಲೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಬಂದವರು, ಎಸ್.ಎಸ್.ಎಲ್.ಸಿ. ಅಂಕದಿಂದ ಪಾಲಿಟೆಕ್ನಿಕ್ ಸೇರಿ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದವರು, ಎಲ್ಲರೂ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುತ್ತಾರೆ. ಆಯ್ಕೆಯ ನಾಲ್ಕು ವಿಧಾನಗಳನ್ನು ಒಂದೇ ಕೊಠಡಿಯಲ್ಲಿ ಹೋಲಿಸಬಲ್ಲ ಇಂಥ ಅನುಕೂಲ ಗೈಸರನಿಗೂ ಇರಲಿಲ್ಲ. ಡಿಪ್ಲೊಮಾದವರು ಮ್ಯಾಟ್‌ಡಿಪ್ ಎಂಬ ಹೆಚ್ಚುವರಿ ಗಣಿತದಲ್ಲಿ ಎಡವಿ ಲ್ಯಾಬಿನಲ್ಲಿ ಮೇಲುಗೈ ಪಡೆಯುತ್ತಾರೆಂಬುದು ಅಧ್ಯಾಪಕರ ಕೊಠಡಿಗಳಲ್ಲಿ ಕೇಳಿಬರುವ ಮಾತು. ಅದು ನಿಜವಾದರೆ, ಯಾವುದನ್ನು ಸಾಫಲ್ಯವೆನ್ನುತ್ತೀರೆಂಬುದರ ಮೇಲೆ ಯಾವ ಅಂಕ ಉತ್ತಮ ಸೂಚಕವೆಂಬುದೂ ಬದಲಾಗುತ್ತದೆ. ಸಿ.ಜಿ.ಪಿ.ಎ. ಒಂದು; ಬ್ಯಾಕ್‌ಲಾಗ್, ಇಯರ್ ಬ್ಯಾಕ್ ಇಲ್ಲದೆ ನಾಲ್ಕು ವರ್ಷದಲ್ಲಿ ಮುಗಿಸುವುದು ಇನ್ನೊಂದು; ಪ್ಲೇಸ್‌ಮೆಂಟ್ ಬೇರೊಂದು. ಬಿ.ಎ., ಬಿ.ಕಾಂ. ಮಾತಂತೂ ಬೇರೆಯೇ. ಹಗಲು ಅಂಗಡಿಯಲ್ಲಿಯೋ ಗಾರ್ಮೆಂಟ್ಸಿನಲ್ಲಿಯೋ ದುಡಿದು ಸಂಜೆ ಕಾಲೇಜಿಗೆ ಬರುವವನು ಓದನ್ನು ಬಿಟ್ಟರೆ, ಅದಕ್ಕೆ ಅಂಕಕ್ಕಿಂತ ಮನೆಯ ಬಾಡಿಗೆಯೇ ಹೆಚ್ಚು ಕಾರಣವಾಗಿರಬಹುದು.

ಇತ್ಯರ್ಥವಾಗದವು

ಅರ್ಧಾರ್ಧದ ಸೂತ್ರಕ್ಕೆ ಆಧಾರವೇನೆಂಬುದು ಮೊದಲನೆಯ ಪ್ರಶ್ನೆ. ಸಿ.ಇ.ಟಿ.ಯೊಂದರಿಂದಲೇ 2021ರಲ್ಲಿ ಸೇರಿ 2025ರಲ್ಲಿ ಹೊರಬಂದ ತಂಡವನ್ನು ಅರ್ಧಾರ್ಧದಿಂದ ಸೇರಿದ ತಂಡಗಳೊಡನೆ ಹೋಲಿಸಿದರೆ ಒಂದಿಷ್ಟು ಬೆಳಕು ಬಂದೀತು. ಆದರೆ ಮನೆಯಲ್ಲಿ ಕುಳಿತು ಪಿ.ಯು.ಸಿ. ಓದಿದವರ ಹಿನ್ನಡೆಯನ್ನೂ ಆಯ್ಕೆಯ ವಿಧಾನದ ಫಲವನ್ನೂ ಬೇರ್ಪಡಿಸುವ ಉಪಾಯ ಸುಲಭವಲ್ಲ. ಮಾಧ್ಯಮದ ಬದಲಾವಣೆಯ ಪೆಟ್ಟು ಪಿ.ಯು.ಸಿ.ಯ ಎರಡು ವರ್ಷಗಳಲ್ಲಿಯೇ ಮುಗಿಯುವುದೋ ಪದವಿಯವರೆಗೆ ಹಿಂಬಾಲಿಸುವುದೋ ಎಂಬುದು ಎರಡನೆಯದು. ಶೇಕಡ 5ರ ಕನ್ನಡ ಮಾಧ್ಯಮದವರನ್ನು ಅದೇ ರ‍್ಯಾಂಕಿನ ಇತರರೊಡನೆ ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಅನುಸರಿಸಿದರೆ ಮಾತ್ರ ಅದು ತಿಳಿಯತಕ್ಕದ್ದು. ಇದಕ್ಕೆ ಶಾಲೆಯ ಎಸ್.ಎ.ಟಿ.ಎಸ್. ಸಂಖ್ಯೆ, ಸಿ.ಇ.ಟಿ. ಸಂಖ್ಯೆ, ವಿಶ್ವವಿದ್ಯಾನಿಲಯದ ಯು.ಎಸ್.ಎನ್. ಇವು ಮೂರೂ ಒಂದೇ ಮಗುವನ್ನು ಗುರುತಿಸಬೇಕಾಗುತ್ತದೆ; ಆಗ ಅವರ ಗೋಪ್ಯತೆಯನ್ನು ಯಾರು ಕಾಯಬೇಕೆಂಬ ಪ್ರಶ್ನೆಯೂ ಜೊತೆಗೇ ಬರುತ್ತದೆ.

ಇವೆಲ್ಲಕ್ಕಿಂತ ಹೊಸದು, 2024ರಲ್ಲಿ ಎಸ್.ಎಸ್.ಎಲ್.ಸಿ.ಗೂ ದ್ವಿತೀಯ ಪಿ.ಯು.ಸಿ.ಗೂ ಬಂದ ಮೂರು ಪರೀಕ್ಷೆಗಳ ಪದ್ಧತಿ; ಮೂರರಲ್ಲಿ ಮೇಲಾದ ಅಂಕ ಉಳಿಯುತ್ತಿತ್ತು. ಮೊದಲ ಯತ್ನದಲ್ಲಿಯೇ 90 ಪಡೆದವನಿಗೂ ಮೂರನೆಯ ಯತ್ನದಲ್ಲಿ 90 ಪಡೆದವನಿಗೂ ಪಟ್ಟಿಯಲ್ಲಿ ಭೇದವಿರಲಿಲ್ಲ. ಕಾಲೇಜಿನಲ್ಲಿ ಭೇದ ಕಾಣುವುದೋ, ಕಂಡರೆ ಯಾರ ಕಡೆಗೆ? ಹೆಚ್ಚು ಸಲ ಬರೆದದ್ದು ದೌರ್ಬಲ್ಯದ ಗುರುತೆಂದು ಪರೀಕ್ಷೆಯ ಪಕ್ಷದವರು ಹೇಳಿಯಾರು. ಸೋತು ಮತ್ತೆ ಕುಳಿತು ಓದುವ ಅಭ್ಯಾಸವೇ ಪದವಿಯನ್ನು ಮುಗಿಸುವ ಗುಣವೆಂದು ದೀರ್ಘಾಭ್ಯಾಸದ ಪಕ್ಷದವರು ಹೇಳಿಯಾರು. ಆ ಮೊದಲ ತಂಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪದವಿ ಮುಗಿಸುವುದು 2028ರಲ್ಲಿ.